ಎಳ್ಳಿನ ಮಡಿಲಲ್ಲಿ ಮಲ್ಲಿಗೆ

ಹೂವಿನೊಳಗೆ ಪರಿಮಳವನ್ನು ಉಸಿರಾಗಿಟ್ಟ ಸ್ವಾಮಿಗೆ ಶರಣು.

ಸುಗಂಧತೈಲ ತೆಗೆಯುವ ಮನೆಯಲ್ಲೊಂದು ತಾಮ್ರದ ಹಂಡೆ. ಕೇದಗೆಯನ್ನು ಬೇಯಿಸಿ, ಹಬೆಯಿಂದ ಪರಿಮಳ ಇಳಿಸಿ ಬೀಗುತ್ತಿತ್ತು. ಒಂದು ಸಂಜೆ ಮಲ್ಲಿಗೆಯನ್ನು ಬೇಯಿಸಿದರೆ ಬೆಂದ ಸೊಪ್ಪಿನ ವಾಸನೆ ಬಂತು.

“ನಿಮ್ಮಲ್ಲಿ ಸತ್ವವೇ ಇಲ್ಲ ಕಣ್ರೇ!” ಎಂದು ಹಂಡೆ ಹಂಗಿಸಿತು.

ಬುಟ್ಟಿಯಲ್ಲಿ ಉಳಿದ ಮಲ್ಲಿಗೆ ಮೊಗ್ಗುಗಳು ಅತ್ತವು: “ಬೆಳಗಾದರೆ ಬಾಡುತ್ತೇವೆ. ನಮ್ಮ ಪರಿಮಳ ಯಾರಿಗೂ ದಕ್ಕದೆ ಹೋಗುತ್ತಲ್ಲ!”

ಪಕ್ಕದಲ್ಲಿ ಹರವಿದ್ದ ಎಳ್ಳು ಕರೆಯಿತು: “ಬನ್ನಿ ತಂಗಿಯರೇ, ನಮ್ಮ ಮೇಲೆ ಮಲಗಿ ಅರಳಿ. ಬೆಂಕಿ ನಿಮಗೆ ಆಗಿಬರುವುದಿಲ್ಲ. ನೀವು ಬಿಡುವ ಉಸಿರನ್ನು ನಮ್ಮ ಜಿಡ್ಡು ಹಿಡಿದಿಟ್ಟುಕೊಳ್ಳುತ್ತದೆ.”

ಮೊಗ್ಗುಗಳು ರಾತ್ರಿಯೆಲ್ಲ ಎಳ್ಳಿನ ಮೇಲೆ ಅರಳಿದವು. ಬೆಳಗ್ಗೆ ಹೂ ಬಾಡಿತ್ತು, ಎಳ್ಳು ಗಾಣಕ್ಕೆ ಹೋಯಿತು. ಎಣ್ಣೆ ಇಳಿಯುತ್ತಲೇ ಮನೆಯೆಲ್ಲ ಘಮ್ಮೆಂದಿತು.

“ಯಾರಮ್ಮಾ ಬಂದದ್ದು?” ಹಂಡೆ ಬೆರಗಾಯಿತು.

ಎಣ್ಣೆಯೊಳಗಿಂದ ದನಿ ಬಂತು: “ನಾವೇ, ಮಲ್ಲಿಗೆ! ಸ್ವಾಮಿಯ ಎಣ್ಣೆಮಜ್ಜನಕ್ಕೆ ಹೊರಟಿದ್ದೇವೆ, ದಾರಿ ಬಿಡಮ್ಮಾ!”

ಕೇಳಿದವರೆಲ್ಲರ ಬಾಳೂ ಆ ದೇವರ ದಯೆಯಿಂದ ಘಮಘಮಿಸಲಿ.