ಕುರ್ಚಿಗೆ ಹೊಂದಿಸಿದ ಸದ್ದು

“ಗುರುಗಳೇ, ನನ್ನ ಮಾತು ಯಾರಿಗೂ ನಾಟುತ್ತಿಲ್ಲ. ಇನ್ನೂ ಗಟ್ಟಿಯಾಗಿ ಹೇಳಲೇ?” ಎಂದು ಚೆನ್ನವೀರ ಕೇಳಿದ.

ಮಠದ ಕಿರಿಯ ಶಿಷ್ಯರಿಗೆ ಪಾಠ ಹೇಳುವ ಹೊಣೆ ಅವನದು. ಆ ವರ್ಷ ಇಬ್ಬರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟುಹೋಗಿದ್ದರು. ಉಳಿದವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ತಾನು ಬೈದದ್ದೆಲ್ಲ ಅವರ ಒಳ್ಳೆಯದಕ್ಕೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅದಕ್ಕೇ ನೋವು ಹೆಚ್ಚಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಹಗಲೆಲ್ಲ ಅಂಗಡಿಯಲ್ಲೇ ಕಳೆದುಹೋಗುತ್ತಿತ್ತು. ಸಂಜೆಯಾದರೂ ಹೆಂಡತಿ, ಮಗಳ ಜೊತೆ ಕೂರಬೇಕೆಂಬ ಆಸೆಯಿಂದ ಮನೆಯಲ್ಲೇ ಹೋಂ ಥಿಯೇಟರ್ ಮಾಡಿಸಿದ. ದೊಡ್ಡ ಪರದೆ, ಸುತ್ತ ಸ್ಪೀಕರ್‌ಗಳು, ಗುಡುಗಿನಂಥ ತಗ್ಗು ದನಿಗೆಂದೇ ಒಂದು ಸಬ್‌ವೂಫರ್ ಪೆಟ್ಟಿಗೆ. ನಡುವೆ ತನಗೊಂದು ಒರಗು ಕುರ್ಚಿ, ಗೋಡೆಯ ಪಕ್ಕ ಮನೆಯವರಿಗೆ ಸೋಫಾ.

ಸದ್ದು ಹೊಂದಿಸಲು ಬಂದ ಕೆಲಸಗಾರ ಮೈಕು ತೆಗೆದು, ಕೂರುವ ಜಾಗಗಳಲ್ಲೆಲ್ಲ ಸದ್ದು ಅಳೆಯಬೇಕು ಎಂದ. ವ್ಯಾಪಾರಿ ಒಪ್ಪಲಿಲ್ಲ. ಯಜಮಾನ ಕೂರುವುದು ಇಲ್ಲಿ, ಇಲ್ಲಿ ಸರಿಯಾದರೆ ಎಲ್ಲ ಕಡೆ ಸರಿ ಎಂದು ಮೈಕನ್ನು ತನ್ನ ಕುರ್ಚಿಯ ಮೇಲೆ ಇಡಿಸಿದ. ಗುಡುಗಿನಂಥ ತಗ್ಗು ದನಿ ಕೋಣೆಯಲ್ಲಿ ಒಂದೇ ಸಮ ಹರಡುವುದಿಲ್ಲ. ಗೋಡೆಗೆ ಬಡಿದು ಹಿಂದಿರುಗಿ ಒಂದು ಕಡೆ ಇಮ್ಮಡಿಯಾಗುತ್ತದೆ, ಇನ್ನೊಂದು ಕಡೆ ಇಲ್ಲವಾಗುತ್ತದೆ. ವ್ಯಾಪಾರಿಯ ಕುರ್ಚಿ ಇದ್ದದ್ದು ಅದು ಇಲ್ಲವಾಗುವ ಜಾಗದಲ್ಲಿ. ಅವನಿಗೇನು ಗೊತ್ತು? ಸಾಲದು, ಏರಿಸು ಎಂದ. ಕೆಲಸಗಾರ ಏರಿಸಿ ಹೋದ.

ಮೊದಮೊದಲು ಮೂವರೂ ಕೂತರು. ಸ್ವಲ್ಪ ದಿನಕ್ಕೆ ಮಗಳಿಗೆ ಓದು ಹೆಚ್ಚಾಯಿತು. ಹೆಂಡತಿಗೆ ಅಡುಗೆಮನೆಯ ಕೆಲಸ ಮುಗಿಯದಾಯಿತು. ಇಷ್ಟು ಮಾಡಿದರೂ ಇವರಿಗೆ ರುಚಿಯಿಲ್ಲವಲ್ಲ ಎಂದು ವ್ಯಾಪಾರಿ ಮುಖ ಊದಿಸಿಕೊಂಡ. ಸದ್ದಿಗೆ ಇನ್ನಷ್ಟು ಜೀವ ಬಂದರೆ ಅವರೂ ಬಂದಾರು ಎಂದುಕೊಂಡು ಮತ್ತೆ ಏರಿಸಿದ. ಅಡುಗೆಮನೆಯ ಪಾತ್ರೆಗಳು ನಡುಗಿದವು, ಯಾರೂ ಬರಲಿಲ್ಲ. ಅಷ್ಟು ದೊಡ್ಡ ಕೋಣೆಯಲ್ಲಿ ಒಬ್ಬನೇ ಕೂತು ಸಿನಿಮಾ ನೋಡುವವನ ಸಂಕಟ ಸಣ್ಣದಲ್ಲ.

ಒಂದು ಸಂಜೆ ಅವನ ಅಣ್ಣ ಮನೆಗೆ ಬಂದ. ಅಣ್ಣನ ಎದುರು ತಮ್ಮ ಒರಗಿ ಕೂರುವುದುಂಟೇ? ಕುರ್ಚಿ ಬಿಟ್ಟುಕೊಟ್ಟು, ಸೋಫಾದಲ್ಲಿ ಹೆಂಡತಿ ಕೂರುತ್ತಿದ್ದ ಮೂಲೆಯಲ್ಲಿ ಕೂತ. ಸಿನಿಮಾ ಶುರುವಾಯಿತು. ಗುಡುಗು ಎದೆಗೆ ಗುದ್ದಿದಂತಾಯಿತು. ಪರದೆಯ ಮೇಲಿನವರ ತುಟಿ ಆಡುತ್ತಿತ್ತು, ಮಾತು ಒಂದೂ ಕೇಳಲಿಲ್ಲ. ಸದ್ದು ತುಸು ನಿಂತಾಗ ಅಣ್ಣನ ಕಡೆ ತಿರುಗಿದ. ಅಣ್ಣ ಆರಾಮಾಗಿ ಒರಗಿದ್ದ.

“ಚೆನ್ನಾಗಿದೆ ಕಣೋ,” ಎಂದ ಅಣ್ಣ. “ಆದರೆ ಗುಡುಗು ಸಾಲದು. ಇನ್ನೊಂಚೂರು ಏರಿಸು.”

ವ್ಯಾಪಾರಿ ಎಲ್ಲವನ್ನೂ ಆರಿಸಿ ಅಡುಗೆಮನೆಗೆ ಹೋದ. ಆ ಸೋಫಾದ ಮೂಲೆಯಲ್ಲಿ ಕೂತು ಅಷ್ಟು ದಿನ ಹೇಗೆ ತಡೆದುಕೊಂಡೆ, ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದ.

“ಹೇಳಿದೆನಲ್ಲ,” ಎಂದಳು ಅವಳು. “ಎದ್ದು ಬಂದೆ.”

ವ್ಯಾಪಾರಿ ಕೆಲಸಗಾರನನ್ನು ಮತ್ತೆ ಕರೆಸಿದ. ಈ ಸಲ ಎಲ್ಲ ಜಾಗದಲ್ಲೂ ಅಳೆದು, ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟು, ಸದ್ದು ಇಳಿಸಿದರು. ಒರಗು ಕುರ್ಚಿಯಲ್ಲಿ ಗುಡುಗು ಕಡಿಮೆಯೇ ಕೇಳಿಸಿತು. ವ್ಯಾಪಾರಿ ಇರಲಿ ಎಂದ. ಮಗಳು ಬಂದು ಕೂತಳು. ಹೆಂಡತಿ ಮಾತ್ರ ಬಹಳ ದಿನ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಮನಸ್ಸು ಹಗುರಾಯಿತು. ಅರ್ಥವಾಯಿತು, ನಾಳೆಯಿಂದ ದನಿ ತಗ್ಗಿಸುತ್ತೇನೆ ಎಂದು ಕೈಮುಗಿದು ಎದ್ದ.

ಗುರುಗಳು ಅವನನ್ನು ತಡೆದು ಹೇಳಿದರು: “ಮೊದಲು, ಬಿಟ್ಟುಹೋದ ಇಬ್ಬರಲ್ಲಿ ಒಬ್ಬನ ಊರಿಗೆ ಹೋಗಿ, ನೀನು ಅವನಿಗೆ ಏನು ಹೇಳಿದ್ದೆ ಎಂಬುದನ್ನು ಅವನ ಬಾಯಿಂದಲೇ ಕೇಳಿ ಬಾ.”