ದೊರೆಯ ಮೋಟಾರಿನ ಗುಳಿ

"ಕೇಳ್ರಪ್ಪೋ ಕೇಳಿ. ತೀರಿಹೋದ ದೊರೆಗಳ ಹಳೇ ಮೋಟಾರನ್ನು ರಿಪೇರಿ ಅನ್ನೋ ಹೆಸರಲ್ಲಿ ಕೆಡಿಸಿದ್ದಾರೆ. ಸರಿಮಾಡೋಕೆ ಅದನ್ನು ಮುಟ್ಟುವವನು ಮೊದಲು ರಾಣಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಮೋಟಾರಿನ ಉಸ್ತುವಾರಿ, ಕೆರೆ ಕೆಳಗಿನ ಗದ್ದೆ ಇನಾಮು. ತಪ್ಪಿದವನ ತಲೆ ಅಮಾವಾಸ್ಯೆ ಬೆಳಿಗ್ಗೆ ಉರುಳುತ್ತೆ."

ಕಿತ್ತಲಗೆರೆ ಸಂಸ್ಥಾನದಲ್ಲಿ ಹೀಗೆ ಡಂಗುರ ಸಾರಿದರು. ಒಂದು ಮೋಟಾರಿಗೆ ತಲೆ ಯಾಕೆ ಅಂತೀರಾ? ಅರಮನೆಯ ಸಿಟ್ಟು ನಮ್ಮನಿಮ್ಮ ಸಿಟ್ಟಿನ ಹಾಗಲ್ಲ, ಸ್ವಾಮಿ. ರಾಣಿ ಹೊನ್ನಾಜಿಯ ಅಪ್ಪ ಡ್ರೈವರನ್ನು ಇಟ್ಟುಕೊಳ್ಳದೆ ನಲವತ್ತು ವರ್ಷ ಅದನ್ನು ತಾನೇ ಓಡಿಸಿದ್ದ. ಅವನು ಸತ್ತ ಮೇಲೆ ದಿವಾನರ ಭಾವಮೈದ ಪಾಪರಾಜಯ್ಯ "ಹೊಸದು ಮಾಡಿಕೊಡ್ತೀನಿ" ಅಂತ ಒಯ್ದ. ಆರು ತಿಂಗಳಿಗೆ ಮದುಮಗಳ ಹಾಗೆ ಸಿಂಗರಿಸಿ ತಂದು ನಿಲ್ಲಿಸಿದ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಂಡವಾಳ ಬಯಲಾಯಿತು, ಆಸಾಮಿ ಊರು ಬಿಟ್ಟ.

ಅವನ ಕೈಕೆಳಗೆ ಕೂಲಿಗೆ ದುಡಿದವರಲ್ಲಿ ಈರಾಚಾರಿ ಒಬ್ಬ. ಮರದ ಬೊಂಬೆ ಕಡೆದು ಅರಗಿನ ಬಣ್ಣ ಕೂರಿಸುವ ಬಡವ, ಇಪ್ಪತ್ತೆರಡರ ಹೈದ. ಡಂಗುರ ಕೇಳಿ ಅವನು ಮೊದಲು ಬಾಗಿಲು ಮುಚ್ಚಿಕೊಂಡ. ಆದರೂ ಅರಮನೆ ಅಂಗಳಕ್ಕೆ ಹೋಗಿ ಜನರ ಹಿಂದೆ ನಿಂತ.

ಮೊದಲು ಬಂದವನು ಪಾಳೆಯಗಾರರ ಮಗ, ಮೀಸೆ ತಿರುವುತ್ತ. ರಾಣಿ ಕೇಳಿದಳು: "ಮೈ ತುಂಬ ಹುಣ್ಣು. ಮದ್ದು ಹಚ್ಚಲಿಲ್ಲ, ರೇಷ್ಮೆ ಸೀರೆ ಉಡಿಸಿದರು. ಸೀರೆ ಹೊಳೆದಷ್ಟೂ ಹುಣ್ಣು ಬೆಳೆಯಿತು. ಯಾವುದು ಆ ಹುಣ್ಣು?"

"ಹೊಟ್ಟೆಕಿಚ್ಚು," ಅಂದ ಅವನು. ಎಳೆದುಕೊಂಡು ಹೋದರು.

ಎರಡನೆಯವನು ಕಾಶಿಗೆ ಹೋಗಿಬಂದ ಪಂಡಿತ. ಅದು ತುಕ್ಕು ಅಂತ ಮೊದಲನೆಯದನ್ನು ಬಿಡಿಸಿದ. ತುಕ್ಕನ್ನು ಕೆರೆಯದೆ ಮೇಲೆ ಸೀಮೆಸುಣ್ಣ, ಎಣ್ಣೆ ಕಲಸಿದ ಲಪ್ಪ ಮೆತ್ತಿ ಬಣ್ಣ ಬಳಿದಿದ್ದರು, ಮೋಟಾರಿನ ಮೈ ಗುಳ್ಳೆಗುಳ್ಳೆ ಎದ್ದಿತ್ತು. ರಾಣಿ ಎರಡನೆಯದು ಕೇಳಿದಳು: "ಕೊಡಲಿ ಏಟಿಗೆ ಸತ್ತಿತು. ಸತ್ತರೂ ನೀರು ಬಿಡಲಿಲ್ಲ. ಮಳೆಗಾಲದಲ್ಲಿ ಬಾಯಿ ಬಿಗಿಯಿತು, ಬೇಸಿಗೆಯಲ್ಲಿ ಬಾಯಿ ಬಿಟ್ಟಿತು."

ಪಂಡಿತ ಬಹಳ ಹೊತ್ತು ಗಡ್ಡ ಸವರಿ "ಕಪ್ಪೆ" ಅಂದ. ಕೊಡಲಿಯಲ್ಲಿ ಕಪ್ಪೆ ಹೊಡೆಯೋರು ಯಾರಪ್ಪ? ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮೂರನೆಯವನು ಪರವೂರಿನ ಮೋಟಾರು ಮೇಸ್ತ್ರಿ, ಕೈಯೆಲ್ಲ ಎಣ್ಣೆಯ ಕಲೆ. "ಅದು ಹಸಿ ಮರ, ತಾಯಿ. ಒಣಗದ ಮರದಲ್ಲಿ ಬಾಗಿಲ ಚೌಕಟ್ಟು ಮಾಡಿದ್ದಾರೆ. ಮಳೆಯಲ್ಲಿ ಉಬ್ಬಿ ಸಿಕ್ಕಿಕೊಳ್ತು, ಬಿಸಿಲಿಗೆ ಬಿರುಕು ಬಿಡ್ತು," ಅಂದ. ಜನ ಭೇಷ್ ಅಂದರು.

ರಾಣಿ ಮೂರನೆಯದು ಕೇಳಿದಳು. "ಮುರಿಯದೆ ಇದ್ದದ್ದನ್ನು ರಿಪೇರಿ ಮಾಡಿದರು. ರಿಪೇರಿಯಾದ ಮೇಲೆ ಅದು ಇಲ್ಲವಾಯಿತು. ಏನದು?"

ಮೇಸ್ತ್ರಿ ಅಂಗಳದಲ್ಲಿ ನಿಂತಿದ್ದ ಮೋಟಾರನ್ನು ಮೂರು ಸುತ್ತು ಸುತ್ತಿದ, ಅದರ ಕೆಳಗೆ ನುಸುಳಿ ನೋಡಿದ. ಕೊನೆಗೆ ಸೋತು ಜನರ ಕಡೆ ತಿರುಗಿದ. "ಗೊತ್ತಿದ್ದವರು ಯಾರಾದರೂ ಹೇಳ್ರಪ್ಪ. ಮನೇಲಿ ಮೂರು ಹೆಣ್ಣುಮಕ್ಕಳಿದ್ದಾವೆ."

ಈರಾಚಾರಿಗೆ ಗೊತ್ತಿತ್ತು. ಕೇಳಿದ ಕ್ಷಣವೇ ಗೊತ್ತಾಗಿತ್ತು. ಹೇಳಿದರೆ ಹಾಳು ಮಾಡಿದ ಕೈ ತನ್ನದೇ ಅಂತ ಒಪ್ಪಿಕೊಂಡ ಹಾಗೆ, ತನ್ನ ತಲೆಯೇ ಹೋಗುತ್ತೆ. ಅವನು ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತ. ಮೇಸ್ತ್ರಿಯನ್ನು ಅವನ ಮುಂದಿನಿಂದಲೇ ಎಳೆದುಕೊಂಡು ಹೋದರು.

ಮನೆಗೆ ಬಂದು ಉಳಿ ಹಿಡಿದ, ಕೆಳಗಿಟ್ಟ. ಛೀ, ನಾನೂ ಒಬ್ಬ ಮನುಷ್ಯನೇ ಅನ್ನಿಸಿತು. ಅಮಾವಾಸ್ಯೆಗೆ ಎರಡು ದಿನ ಇತ್ತು. ಬೆಳಗಾಗುತ್ತಲೇ ಅರಮನೆಗೆ ಹೋಗಿ ರಾಣಿಯ ಮುಂದೆ ನಿಂತ.

"ತಾಯಿ, ಅದು ಗುಳಿ. ಸ್ಟೇರಿಂಗಿನ ಮರದ ಚಕ್ರದ ಮೇಲೆ ಎಡಗಡೆ ಒಂದು ಗುಳಿ ಇತ್ತು. ದೊರೆಗಳು ನಲವತ್ತು ವರ್ಷ ಹೆಬ್ಬೆರಳು ಊರಿ ಊರಿ ಸವೆದದ್ದು. ಬೊಂಬೆ ಮಾಡೋನಿಗೆ ಮರದಲ್ಲಿ ಗುಳಿ ಕಂಡರೆ ಅದು ಕುಂದು. ಯಾರೂ ಹೇಳಿರಲಿಲ್ಲ, ನಾನೇ ಅರಗು ತುಂಬಿ, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ಹೊಳಪು ನೋಡಿ ಹೆಮ್ಮೆಪಟ್ಟೆ. ತುಕ್ಕಿನ ಮೇಲೆ ಲಪ್ಪ ಮೆತ್ತುವಾಗ, ಹಸಿ ಮರ ಕೂರಿಸುವಾಗಲೂ ನೋಡುತ್ತಿದ್ದೆ. ಕೂಲಿ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ. ನಿನ್ನೆಯೂ ಬಿಡಲಿಲ್ಲ. ತಲೆ ತೆಗೆಯುವುದಾದರೆ ನನ್ನದು ತೆಗೆಯಿರಿ, ಆ ಮೂವರನ್ನು ಬಿಡಿ."

ರಾಣಿ ಅವನನ್ನು ಮೋಟಾರಿನ ಹತ್ತಿರ ಕರೆದೊಯ್ದಳು. ಆಮೇಲೆ "ತೆಗೆಯೋಕೆ ಆಗುತ್ತಾ?" ಅಂತ ಕೇಳಿದಳು. ತಲೆಯ ಮಾತಲ್ಲ, ಅರಗಿನದು.

ಅರಗು ಬಿಸಿ ತಾಗಿದರೆ ಬಿಡುತ್ತದೆ. ಈರಾಚಾರಿ ಕಾದ ಕಬ್ಬಿಣವನ್ನು ಹತ್ತಿರ ಹಿಡಿದು, ಕರಗಿದ್ದನ್ನು ಬಟ್ಟೆಯಲ್ಲಿ ಒರೆಸುತ್ತ ಹೋದ. ಗುಳಿ ಮತ್ತೆ ಕಂಡಿತು. ರಾಣಿ ತನ್ನ ಹೆಬ್ಬೆರಳನ್ನು ಅಲ್ಲಿ ಇಟ್ಟಳು.

"ಚುಚ್ಚುತ್ತೆ," ಅಂದಳು.

"ಅರಗು ಕಚ್ಚಿಕೊಳ್ಳಲಿ ಅಂತ ಉಳಿಯಲ್ಲಿ ಗೀರಿದ್ದೆ, ತಾಯಿ. ಉಜ್ಜಿದರೆ ಗೀರು ಹೋಗುತ್ತೆ. ಅದರ ಜೊತೆ ದೊರೆಗಳ ಬೆರಳೂ ಹೋಗುತ್ತೆ."

"ಉಜ್ಜಬೇಡ." ರಾಣಿ ಬೆರಳು ತೆಗೆಯಲಿಲ್ಲ. "ನಿನಗೊಬ್ಬನಿಗೇ ನಾಚಿಕೆ ಅಂದುಕೊಂಡೆಯಾ? ಒಂದು ಬೆರಳಿನ ಗುರುತಿಗೆ ಮೂರು ತಲೆ ಕೇಳಿದವಳು ನಾನು. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ." ಅವಳೇ ಸೆರೆಮನೆಗೆ ನಡೆದು ಹೋಗಿ ಬೀಗ ತೆಗೆಸಿ, ಮೂವರಿಗೂ ಕೈಮುಗಿದಳು.

ಈರಾಚಾರಿಗೆ ಗದ್ದೆ ಬಂತು, ಮೋಟಾರಿನ ಬೀಗದ ಕೈ ಬಂತು. ಅವನೂ ಮೇಸ್ತ್ರಿಯೂ ಸೇರಿ ವರ್ಷವಿಡೀ ತುಕ್ಕು ಕೆರೆದರು, ಒಣಗಿದ ತೇಗದಲ್ಲಿ ಬಾಗಿಲು ಕೂರಿಸಿದರು. ಆಮೇಲೆ ರಾಣಿಯನ್ನು ಕೂರಿಸಿಕೊಂಡು ಮೋಟಾರು ಓಡಿಸುವ ಕೆಲಸವೂ ಅವನದೇ ಆಯಿತು. ಓಡಿಸುವಾಗ ಎಡಗೈ ಹೆಬ್ಬೆರಳನ್ನು ಯಾವಾಗಲೂ ಮೇಲಕ್ಕೆ ಎತ್ತಿಕೊಂಡಿರುತ್ತಿದ್ದ. ರಾಣಿ ಒಂದು ದಿನ ಅದನ್ನು ಕಂಡು "ಇಡು, ಪರವಾಗಿಲ್ಲ" ಅಂದಳು.

"ಆಗಲಿ ತಾಯಿ," ಅಂದ ಈರಾಚಾರಿ. ಆದರೆ ಇಡಲಿಲ್ಲ.