ಮೊದಲ ಸಾಲಿನಲ್ಲಿ ಇರಬೇಕಾಗಿದ್ದ ಹೆಸರು

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ಗೆಳೆಯ ಬರೆದ ಪ್ರೋಗ್ರಾಂ ನೋಡಿಕೊಂಡು ನಾನೂ ಬರೆದು ಕೊಟ್ಟೆ. ಅವನೇ ಸಂತೋಷದಿಂದ ತೋರಿಸಿದ. ಅವನ ಅಂಕವೇನೂ ಕಡಿಮೆಯಾಗಲಿಲ್ಲ. ಅವನ ಹೆಸರು ಹೇಳದೆ ಇದ್ದುದರಿಂದ ಯಾರಿಗೆ ಏನು ನಷ್ಟವಾಯಿತು?”

ಗುರು ಈ ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಅಧ್ಯಾಪಕನೊಬ್ಬನಿದ್ದ. ಅವನ ತರಗತಿಯ ನಿಯಮ ಸರಳವಾಗಿತ್ತು. ಸಮಸ್ಯೆಯನ್ನು ಬಿಡಿಸುವ ದಾರಿಯನ್ನು ಎಲ್ಲರೂ ಕೂಡಿ ಚರ್ಚಿಸಬಹುದು. ಪ್ರೋಗ್ರಾಂ ಮಾತ್ರ ಒಬ್ಬೊಬ್ಬರೂ ತಾವೇ ಬರೆಯಬೇಕು. ಯಾರಿಂದ ಸಹಾಯ ಪಡೆದರೂ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಬೇಕು. ಹಾಗೆ ಹೆಸರು ಹಾಕಿದವರಿಗೆ ಒಂದೆರಡು ಅಂಕ ಕಡಿಮೆಯಾಗಬಹುದು, ಶಿಕ್ಷೆಯಿಲ್ಲ.

ಆ ತರಗತಿಯಲ್ಲಿ ನೀಲಗಂಗಾ ಎಂಬ ವಿದ್ಯಾರ್ಥಿನಿ ಇದ್ದಳು. ತಂದೆ ರೈಲು ಹಳಿ ದುರಸ್ತಿಯ ಕೆಲಸದಲ್ಲಿದ್ದರು. ವರ್ಷಕ್ಕೊಂದು ಊರು, ಊರಿಗೊಂದು ಶಾಲೆ ಎಂದು ಬೆಳೆದ ಅವಳಿಗೆ ಮಾತು ಕಡಿಮೆ. ಹೆದರಿದರಂತೂ ಬಾಯಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಅವಳ ಸಹಪಾಠಿ ಪ್ರಭುಲಿಂಗ ಒಳ್ಳೆಯ ಮಾತುಗಾರ.

ಒಮ್ಮೆ ಅಧ್ಯಾಪಕ, ನಿಲ್ದಾಣಕ್ಕೆ ಬಂದವರಿಗೆ ಮುಂದಿನ ಬಸ್ಸು ಯಾವುದೆಂದು ತಿಳಿಸುವ ಪ್ರೋಗ್ರಾಂ ಬರೆಯಲು ಹೇಳಿದ. ಪ್ರಭುಲಿಂಗ ಆ ವಾರವೆಲ್ಲ ಜ್ವರದಿಂದ ಮಲಗಿದ್ದ. ಒಪ್ಪಿಸಬೇಕಾದ ದಿನ ನೀಲಗಂಗಾಳ ಬಳಿ ಬಂದು, “ಹೇಗೆ ಶುರು ಮಾಡೋದು ಅಂತಲೇ ತಿಳೀತಿಲ್ಲ. ಒಂದು ಸಲ ನಿನ್ನದು ತೋರಿಸು,” ಎಂದ.

“ನೋಡು. ಆದರೆ ನೀನೇ ಬರಿ,” ಎಂದು ಅವಳು ಕೊಟ್ಟಳು.

ಅವನು ಬರೆಯಲಿಲ್ಲ. ಅಲ್ಲಲ್ಲಿ ಪದಗಳನ್ನು ಬದಲಿಸಿ ಒಪ್ಪಿಸಿದ. ಮೊದಲ ಸಾಲಿನಲ್ಲಿ ಅವಳ ಹೆಸರು ಹಾಕಲಿಲ್ಲ.

ಅವಳ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಬಸ್ಸು ಹೊರಡುವ ನಿಮಿಷಕ್ಕೇ ಸರಿಯಾಗಿ ಬಂದವರಿಗೂ ಬಸ್ಸು ಹೋಯಿತು ಎಂದು ಅದು ಹೇಳುತ್ತಿತ್ತು. ಅದೇ ತಪ್ಪು ಇಬ್ಬರಲ್ಲೂ ಕಂಡಾಗ ಅಧ್ಯಾಪಕ ಇಬ್ಬರನ್ನೂ ಕರೆಸಿದ. “ಇದನ್ನು ಬರೆದವರು ಯಾರು? ಮೊದಲಿನಿಂದ ವಿವರಿಸಿ,” ಎಂದ.

ಪ್ರಭುಲಿಂಗ ಪ್ರತಿಯೊಂದು ಸಾಲನ್ನೂ ತಡವರಿಸದೆ ವಿವರಿಸಿದ. ನೀಲಗಂಗಾಳ ಸರದಿ ಬಂತು. ಅವಳ ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ಅಧ್ಯಾಪಕ ಎರಡು ನಿಮಿಷ ಕಾದ. ಆಮೇಲೆ ನಕಲು ಮಾಡಿದವಳು ಅವಳೇ ಎಂದು ಸಮಿತಿಗೆ ಬರೆದ. ಸಮಿತಿ ಅವಳನ್ನು ಒಂದು ವರ್ಷ ಹೊರಗಿಟ್ಟಿತು. ಮೂರನೆಯ ದಿನ ಅವಳು ಹಾಸ್ಟೆಲ್ ಬಿಟ್ಟು ಹೋದಳು.

ಪರೀಕ್ಷೆಗಳು ಮುಗಿದ ಮೇಲೆ ಲ್ಯಾಬಿನ ಕಪಾಟು ಖಾಲಿ ಮಾಡುವಾಗ ಒಂದು ನೋಟ್‌ಬುಕ್ ಸಿಕ್ಕಿತು. ಅದು ನೀಲಗಂಗಾಳದು. ಹನ್ನೊಂದು ಪುಟಗಳ ತುಂಬ ಅದೇ ಬಸ್ಸಿನ ಲೆಕ್ಕ. ಬರೆದದ್ದು, ಹೊಡೆದುಹಾಕಿದ್ದು, ಮತ್ತೆ ಬರೆದದ್ದು. ಒಂಬತ್ತನೆಯ ಪುಟದಲ್ಲಿ ಆ ತಪ್ಪು ಮೊದಲ ಸಲ ನುಸುಳಿತ್ತು. ಅಲ್ಲಿ ಹಾಕಿದ್ದ ತಾರೀಖಿನಂದು ಪ್ರಭುಲಿಂಗ ಇನ್ನೂ ಜ್ವರದಲ್ಲಿದ್ದ.

ಅಧ್ಯಾಪಕ ಅವನನ್ನು ಕರೆಸಿ ಆ ಪುಟ ತೋರಿಸಿದ. ಅವನು ಅಲ್ಲಗಳೆಯಲಿಲ್ಲ.

“ನಿಜ ಹೇಳಬೇಕು ಅಂತಲೇ ಅವತ್ತು ಬಂದಿದ್ದೆ ಸರ್. ಆದರೆ ನಾನು ಬಾಯಿ ಬಿಟ್ಟ ಕೂಡಲೇ ನೀವು ಮೆಚ್ಚಿ ತಲೆಯಾಡಿಸಿದಿರಿ. ಆಮೇಲೆ ಧೈರ್ಯ ಬರಲಿಲ್ಲ.”

ಅಧ್ಯಾಪಕ ಮತ್ತೆ ಆ ಪುಟ ನೋಡಿದ. ಆ ನೋಟ್‌ಬುಕ್ಕನ್ನು ಅವನು ಅಂದೇ ಕೇಳಬಹುದಿತ್ತು. ಬರೆದು ತೋರಿಸು ಎನ್ನಬಹುದಿತ್ತು. ಕೇಳಿರಲಿಲ್ಲ.

ಸಮಿತಿ ಶಿಕ್ಷೆಯನ್ನು ರದ್ದು ಮಾಡಿತು. ಆ ಸುದ್ದಿ ಹೊತ್ತ ಪತ್ರ ಹದಿನೈದು ದಿನಕ್ಕೆ ಹಾಗೇ ಹಿಂದಕ್ಕೆ ಬಂತು. ತಂದೆಗೆ ಮತ್ತೆ ವರ್ಗವಾಗಿತ್ತು. ವರ್ಷ ಕಳೆದರೂ ಅವಳು ಮರಳಿ ಬರಲಿಲ್ಲ. ಪ್ರಭುಲಿಂಗ ಆ ವಿಷಯವನ್ನು ಮತ್ತೊಮ್ಮೆ ಓದಿ ಪಾಸಾದ.

ಇಷ್ಟು ಹೇಳಿ ಗುರು ನಿಲ್ಲಿಸಿದರು.

ಶಿಷ್ಯ ಮೆಲ್ಲನೆ ಕೇಳಿದ: “ಆ ಅಧ್ಯಾಪಕರು ಆಮೇಲೆ ಅವಳನ್ನು ಹುಡುಕಲಿಲ್ಲವೇ?”

ಗುರು ಹೇಳಿದರು: “ಹದಿನೇಳು ವರ್ಷಗಳಿಂದ ಹುಡುಕುತ್ತಲೇ ಇದ್ದೇನೆ.”